ಮೆಕ್ಕೆಜೋಳದ ಅಂಚಿನ ಆಟ

ಇದರಲ್ಲಿ ಕೆಲವು ವಿವರ ನಾನು ತಪ್ಪಾಗಿ ನೆನಪಿಟ್ಟಿರಬಹುದು. ಪಂದ್ಯ ಜಗಳೂರಿನಲ್ಲಿ ನಡೆದದ್ದು ಮಾತ್ರ ಖಚಿತ.

ನಮ್ಮ ಕಡೆ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದ ಮೊದಲಿಗರು ನನ್ನ ಸೋದರಮಾವ. ಮೊಣಕಾಲು ಕೆಟ್ಟ ಮೇಲೆ, ಹೊನ್ನಾಳಿಯಲ್ಲಿ ನಾನು ಓದುತ್ತಿದ್ದ ಕಾಲೇಜಿಗೇ ಕೋಚ್ ಆಗಿ ಬಂದರು. ಈ ಪಂದ್ಯ ಸೋತರೆ ನಮ್ಮ ಹುಡುಗಿಯರ ತಂಡವನ್ನೇ ನಿಲ್ಲಿಸುವುದಾಗಿ ಪ್ರಾಂಶುಪಾಲರು ಹೇಳಿದ್ದರು.

ಸುಗ್ಗಿಯಲ್ಲಿ ನಮ್ಮ ಸಿಮೆಂಟ್ ಕೋರ್ಟಿನ ತುಂಬ ಸುತ್ತಲಿನ ರೈತರು ಮೆಕ್ಕೆಜೋಳ ಒಣಹಾಕುತ್ತಿದ್ದರು. ಉಳಿದ ಒಂದು ಮಾರು ಅಗಲದ ಅಂಚಿನಲ್ಲೇ ನಾವು ಚೆಂಡು ಪುಟಿಸುತ್ತ ಓಡಬೇಕಿತ್ತು. ಕಾಳು ತುಳಿದರೆ ಕಾವಲು ಕೂತ ಅಜ್ಜಿ ಎದ್ದು ಬರುತ್ತಿದ್ದಳು. ಅವಳ ಕೈಯಲ್ಲಿ ಕೋಲಿತ್ತೋ, ಆಮೇಲೆ ನೆನಪಿನಲ್ಲಿ ನಾನೇ ಕೊಟ್ಟೆನೋ ತಿಳಿಯದು.

ಜಗಳೂರಿನ ಕೋರ್ಟು ಪೂರ್ತಿ ಖಾಲಿಯಿತ್ತು. ಆದರೂ ನಾವು ಐವರು ಅಂಚು ಹಿಡಿದು ಸಾಲಾಗಿ ಓಡಿದೆವು.

“ನಡುವೆ ಬರ್ರೇ, ಇಲ್ಲಿ ಯಾರ ಜೋಳನೂ ಇಲ್ಲ,” ಎಂದು ಮಾವ ಕೂಗಿದರು.

“ಕಾಲು ಬರಾಕೆ ಒಲ್ಲೆ ಅಂತಾವೆ ಸಾರ್,” ಎಂದಳು ನಮ್ಮ ಕ್ಯಾಪ್ಟನ್.

“ರೇಷನ್ನಿಗೆ ಪಾಳಿ ಹಚ್ಚೀರೇನ್ರೇ?” ಎಂದು ಎದುರು ತಂಡದವಳೊಬ್ಬಳು ನಕ್ಕಳು.

ಸೋತೆವು, ತಂಡವೂ ನಿಂತಿತು. ಮೊನ್ನೆ ಮಾವನನ್ನು ಒಂದು ಮಾತು ಕೇಳಿದೆ: “ಒಂದು ದಿನನಾದ್ರೂ ಕೋರ್ಟ್ ಬಿಡ್ರಿ ಅಂತ ಆ ರೈತರಿಗೆ ನೀವ್ಯಾಕೆ ಹೇಳ್ಲಿಲ್ಲ ಮಾವ?”