ಚೌಕಟ್ಟಿಗೆ ಸವರಿದ ಎಣ್ಣೆ

ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಮರದ ಗಾಣದ ಎಣ್ಣೆಯಂಗಡಿಯೊಂದು ಶುರುವಾಗಿದೆ. ಮೊನ್ನೆ ಶಾಲೆ ಬಿಟ್ಟು ಬರುವಾಗ ಅದರ ಮುಂದೆ ಹಾದೆ. ಒಳಗೆ ಶೇಂಗಾ ಅರೆಯುತ್ತಿದ್ದರು, ಆಗತಾನೇ ಇಳಿದ ಎಣ್ಣೆಯ ವಾಸನೆ ರಸ್ತೆಯವರೆಗೂ ಬಂದಿತ್ತು. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ವಾಸನೆಯೇನು ಹೊಸದೇ? ನಮ್ಮ ಓಣಿಯ ಹಿಂದೆಯೇ ಎಣ್ಣೆ ಮಿಲ್ಲುಗಳಿದ್ದವು, ಒಗೆದು ಒಣಹಾಕಿದ ಬಟ್ಟೆಯೂ ಶೇಂಗಾ ಹಿಂಡಿಯ ವಾಸನೆ ಹೊಡೆಯುತ್ತಿತ್ತು. ಆದರೂ ಮೊನ್ನೆ ಕಾಲುಗಳು ಅಲ್ಲೇ ನಿಂತುಬಿಟ್ಟವು. ನಮ್ಮ ಹಳೇ ಮನೆಯ ಬಾಗಿಲು ನೆನಪಾಯಿತು, ಅದರ ಚೌಕಟ್ಟಿಗೆ ಎಣ್ಣೆ ಸವರುತ್ತಿದ್ದ ಪಕ್ಕದ ಮನೆ ಚಿಕ್ಕವ್ವ ನೆನಪಾದಳು.

ಚಿಕ್ಕವ್ವ ಅಂದರೆ ಸಂಬಂಧವೇನಲ್ಲ. ಅವಳು ನನ್ನ ಅವ್ವನನ್ನು ಅಕ್ಕ ಅನ್ನುತ್ತಿದ್ದಳು, ಹಾಗಾಗಿ ನನಗೆ ಚಿಕ್ಕವ್ವ. ಆಂಧ್ರದ ಕಡೆಯಿಂದ ಮದುವೆಯಾಗಿ ಬಂದವಳು. ಮಾತು ಕನ್ನಡ, ಸಿಟ್ಟು ಮತ್ತು ಪ್ರಾರ್ಥನೆ ಮಾತ್ರ ತೆಲುಗು. ಗಂಡ ಎಣ್ಣೆ ಮಿಲ್ಲಿನಲ್ಲಿ ಹಮಾಲಿ, ಮೊದಲು ವಿಪರೀತ ಕುಡಿಯುತ್ತಿದ್ದ. ಯಾರೋ ಅವನನ್ನು ಒಂದು ಭಾನುವಾರ ಊರಾಚೆಯ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದರು. ಮಂದಿರವೆಂದರೆ ಒಂದು ತಗಡಿನ ಶೆಡ್ಡು. ಕೆಲವು ತಿಂಗಳಲ್ಲಿ ಅವನು ಕುಡಿತ ಬಿಟ್ಟ. ಅಲ್ಲಿಂದ ಗಂಡ ಹೆಂಡತಿ ಇಬ್ಬರೂ ಆ ಶೆಡ್ಡಿನವರೇ ಆದರು. ಬಾಯಿಮಾತಿನ ದೇವರಲ್ಲ, ಗಂಡನ ಬಾಟ್ಲಿ ಬಿಡಿಸಿದ ದೇವರು. ಅವಳು ನಂಬಿದ್ದರಲ್ಲಿ ತಪ್ಪೇನಿದೆ?

ಒಮ್ಮೆ ಕ್ರಿಸ್ಮಸ್ ದಿನ ನಾನೂ ಹೋಗಿದ್ದೆ. ಹಿಂದಿನ ಗೋಡೆಯ ತುಂಬ ಒಂದು ಬಟ್ಟೆಯ ಪಟ ತೂಗಿಬಿಟ್ಟಿದ್ದರು. ಅವರ ಬೈಬಲ್ಲಿನ ಕೊನೆಯಲ್ಲಿ ಬರುವ ಲೋಕಾಂತ್ಯದ ಚಿತ್ರಗಳು. ಬಿಳಿ, ಕೆಂಪು, ಕಪ್ಪು, ಹೆಣದ ಬಣ್ಣದ ನಾಲ್ಕು ಕುದುರೆಗಳು. ಕಪ್ಪು ಕುದುರೆಯವನ ಕೈಯಲ್ಲಿ ತಕ್ಕಡಿ. ಸಮುದ್ರದಿಂದ ಎದ್ದು ಬರುವ ಏಳು ತಲೆ ಹತ್ತು ಕೊಂಬಿನ ಮೃಗ. ಮೂಲೆಯಲ್ಲಿ, ಕೆಳಗೆ, ಬೆಂಕಿಯ ಕೆರೆ. ಪಾಸ್ಟರು ಬೆತ್ತ ಹಿಡಿದು ಒಂದೊಂದನ್ನೇ ತೋರಿಸುತ್ತ ವಿವರಿಸುತ್ತಿದ್ದರು. ನನಗೆ ಕೇಕಿನ ಮೇಲೆ ಕಣ್ಣಿತ್ತು.

ಚಿಕ್ಕವ್ವ ಅದನ್ನೆಲ್ಲ ತಂದು ನಮ್ಮ ಕಟ್ಟೆಯ ಮೇಲೆ ಅವ್ವನಿಗೆ ಒಪ್ಪಿಸುತ್ತಿದ್ದಳು. ಬಿತ್ತನೆ ಶೇಂಗಾ ಸುಲಿಯುವ ಕಾಲದಲ್ಲಿ ಇಬ್ಬರೂ ಎದುರುಬದುರು ಕೂತರೆ ಮಧ್ಯಾಹ್ನ ಮುಗಿಯುತ್ತಿದ್ದುದೇ ಗೊತ್ತಾಗುತ್ತಿರಲಿಲ್ಲ. ಬಿತ್ತನೆ ಕಾಳು ಒಡೆಯಬಾರದು, ಅದರ ಮೇಲಿನ ಕೆಂಪು ಸಿಪ್ಪೆಯೂ ಹರಿಯಬಾರದು, ಕೈಯಲ್ಲೇ ಸುಲಿಯಬೇಕು. ಬಾಯಿ ಮಾತ್ರ ಬಿಡುವಾಗಿರುತ್ತದೆ. ಕರ್ತನು ಬರುವ ದಿನ ಇಬ್ಬರು ಹೆಂಗಸರು ಬೀಸುತ್ತ ಕೂತಿರುತ್ತಾರೆ, ಒಬ್ಬಳನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾರೆ, ಒಬ್ಬಳನ್ನು ಇಲ್ಲೇ ಬಿಡುತ್ತಾರೆ ಎಂದು ಅವಳು ಒಂದು ದಿನ ಹೇಳಿದಳು. ಹಾಗಾದರೆ ಹೋಗುವ ಮುಂಚೆ ನಿನ್ನ ಪಾಲಿನ ಕಾಯಿ ಸುಲಿದಿಟ್ಟು ಹೋಗು ಮಾರಾಯ್ತಿ, ಎರಡೂ ಪಾಲು ನನ್ನ ಕೈಲಾಗಲ್ಲ ಅಂದಳು ಅವ್ವ. ಉಳ್ಳಾರ್ತಿ ಕಾವಲಿನ ಕಡೆ ಮಿಲಿಟರಿಯವರು ಪರೀಕ್ಷೆಗೆ ಬಿಡುವ ಚಾಲಕನಿಲ್ಲದ ಸಣ್ಣ ವಿಮಾನ ಹಾರುತ್ತಿದ್ದರೆ ಚಿಕ್ಕವ್ವ ಅದರ ಸದ್ದಿಗೆ ತಲೆಯೆತ್ತಿ, ಕಬ್ಬಿಣದ ಎದೆಯ ಮಿಡತೆಗಳು ಬರುತ್ತವೆಂದು ಬರೆದಿರುವುದು ಇದೇ ಇರಬಹುದು ಅನ್ನುವಳು. ಅವ್ವ, ಮಿಡತೆ ಬಂದರೆ ಬರಲಿ, ಬೆಳೆ ಮೇಲೆ ಕೂರದಿದ್ದರೆ ಸಾಕು ಅನ್ನುವಳು.

ಒಂದು ಮಾತು ಮಾತ್ರ ಆಟವಾಗಿ ಹುಟ್ಟಿ ಆಟವಾಗಿ ಉಳಿಯಲಿಲ್ಲ. ಪಟದಲ್ಲಿರುವುದೆಲ್ಲ ಗುರುತುಗಳು ಎಂದು ಚಿಕ್ಕವ್ವ ವಿವರಿಸುತ್ತಿದ್ದಳು. ಮೃಗ ಅಂದರೆ ಮೃಗವಲ್ಲ, ಒಂದು ರಾಜ್ಯ. ಕೊಂಬು ಅಂದರೆ ರಾಜರು. ಸಮುದ್ರ ಅಂದರೆ ಜನ. ಅವ್ವ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು, "ಹಂಗಾದ್ರೆ ಬೆಂಕಿ ಕೆರೆ ಅಂದ್ರೂ ಬ್ಯಾರೆ ಏನೋ ಇರ್ಬೇಕಲ್ಲೇ?"

ಚಿಕ್ಕವ್ವ ಕೈಯಲ್ಲಿದ್ದ ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. "ಇಲ್ಲ ಕಣಕ್ಕ. ಅದು ಮಾತ್ರ ಬೆಂಕಿ ಕೆರೇನೇ."

ಅವ್ವ ನಕ್ಕಳು. ಚಿಕ್ಕವ್ವ ನಗಲಿಲ್ಲ...

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ದಾವಣಗೆರೆಯಲ್ಲಿ ತೋರಿಸಿದೆವು. ಮನೆಗೆ ಕರೆದುಕೊಂಡು ಹೋಗಿ, ಉಣ್ಣುವಷ್ಟು ಉಣ್ಣಲಿ ಅಂದರು ಡಾಕ್ಟರು. ಪಡಸಾಲೆಯಲ್ಲಿ, ಬಾಗಿಲ ಪಕ್ಕದ ಮಂಚದ ಮೇಲೆ ಅವ್ವ ಮಲಗಿದಳು. ಅಪ್ಪ ಮಂಡಿ ವ್ಯಾಪಾರವನ್ನು ಗುಮಾಸ್ತರಿಗೆ ಬಿಟ್ಟು ಮನೆಯಲ್ಲೇ ಕೂತರು. ಆಗ ನನಗೆ ಅಳು ಬರಲಿಲ್ಲ. ಬಿಸಿನೀರು ಕಾಸಿದೆ, ಗಂಜಿ ಮಾಡಿದೆ, ಬೆಡ್‌ಷೀಟು ಒಗೆದೆ. ಕೈಗಳು ಅವುಗಳ ಪಾಡಿಗೆ ಕೆಲಸ ಮಾಡುತ್ತಿದ್ದವು, ನಾನು ಎಲ್ಲೋ ದೂರದಲ್ಲಿ ನಿಂತು ನೋಡಿದ ಹಾಗೆ ಇತ್ತು.

ನಮಗೆಲ್ಲ ಇದ್ದದ್ದು ಒಂದು ಭಯ, ಅವ್ವ ಸಾಯುತ್ತಾಳೆ ಅನ್ನುವುದು. ಚಿಕ್ಕವ್ವನಿಗೆ ಎರಡು. ಅವರ ಕರ್ತನ ಹೆಸರು ಹೇಳದೆ ಅವ್ವ ಸತ್ತರೆ ಆ ಪಟದ ಮೂಲೆಯ ಕೆರೆಗೆ ಬೀಳುತ್ತಾಳೆ, ಯುಗಯುಗಕ್ಕೂ ಅಲ್ಲೇ ಬೇಯುತ್ತಾಳೆ. ಅವಳಿಗೆ ಇದು ಕಥೆಯಾಗಿರಲಿಲ್ಲ, ಪಕ್ಕದ ಮನೆಗೆ ಬೆಂಕಿ ಬಿದ್ದಂತಹ ಸಂಗತಿ. ಒಂದೇ ಒಂದು ಸಲ ಅವಳು ಮಂಚದ ಪಕ್ಕ ಕೂತು ಬಾಯಿಬಿಟ್ಟು ಕೇಳಿದಳು. ಅವ್ವ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, ಹುಟ್ಟಿದಾಗ ಕಟ್ಟಿದ್ದನ್ನು ಈಗ ಬಿಚ್ಚು ಅಂದರೆ ಹೇಗೆ ಬಿಚ್ಚಲಿ ತಂಗಿ ಅಂದಳು. ಚಿಕ್ಕವ್ವ ಮತ್ತೆಂದೂ ಕೇಳಲಿಲ್ಲ. ಸೈತಾನನ ಸೈನ್ಯ ಅಕ್ಕನ ಮನೆಗೆ ಮುತ್ತಿಗೆ ಹಾಕಿದೆ, ಅಕ್ಕನಿಗೆ ಯುದ್ಧ ಮಾಡುವ ಶಕ್ತಿಯಿಲ್ಲ, ಅವಳ ಬದಲು ತಾನೇ ಮಾಡಬೇಕು ಎಂದು ತೀರ್ಮಾನಿಸಿಬಿಟ್ಟಳು.

ಮಿಲ್ಲಿನಿಂದ ಶೇಂಗಾ ಎಣ್ಣೆ ತಂದು, ಪಾಸ್ಟರಿಂದ ಪ್ರಾರ್ಥನೆ ಮಾಡಿಸಿ, ಉಪವಾಸವಿದ್ದು, ದಿನಾ ಬೆಳಕು ಹರಿಯುವ ಹೊತ್ತಿಗೆ ನಾವು ಏಳುವ ಮುಂಚೆ ಬಂದು ನಮ್ಮ ಬಾಗಿಲ ಚೌಕಟ್ಟಿಗೆ ಸವರಿ ಹೋಗತೊಡಗಿದಳು. ಎಡಕ್ಕೊಂದು, ಬಲಕ್ಕೊಂದು, ಮೇಲೊಂದು. ಅವರ ಬೈಬಲ್ಲಿನ ಪ್ರಕಾರ ಹಿಂದೆ ಯಾವುದೋ ದೇಶದಲ್ಲಿ ಬಾಗಿಲಿಗೆ ಕುರಿಮರಿಯ ರಕ್ತ ಬಳಿದ ಮನೆಗಳನ್ನು ಸಾವು ದಾಟಿಕೊಂಡು ಹೋಗಿತ್ತಂತೆ. ಲಿಂಗವಂತರ ಮನೆ ಬಾಗಿಲಿಗೆ ರಕ್ತ ಬಳಿಯುವುದುಂಟೇ ಎಂದು ಎಣ್ಣೆ ತಂದಿದ್ದಳು ಪುಣ್ಯಾತ್ಗಿತ್ತಿ.

ಅಪ್ಪನಿಗೆ ಇದು ಹೇಗೆ ಗೊತ್ತಾಗಬೇಕು? ನಮ್ಮ ಕಡೆ ಕಾಯಿಲೆಯ ಮನೆಯ ಬಾಗಿಲಲ್ಲಿ ಬೆಳಿಗ್ಗೆ ಎಣ್ಣೆಯ ಬೆರಳಿನ ಗುರುತು ಕಂಡರೆ ಅದಕ್ಕೆ ಒಂದೇ ಅರ್ಥ. ಮಾಟ. ಅಪ್ಪ ಬಿಳಿಚಿಕೊಂಡರು. ಎರಡನೇ ದಿನವೂ ಕಂಡಾಗ ರಾಂಪುರದ ಕಡೆಯ ಮಂತ್ರವಾದಿ ಮುದುಕನೊಬ್ಬನನ್ನು ಕರೆಸಿದರು. ಅವನು ಹೊಸ್ತಿಲಿಗೆ ಲಿಂಬೆಹಣ್ಣು ಕುಯ್ದು ಕುಂಕುಮ ಹಚ್ಚಿ, ಕೋರೆಹಲ್ಲು ಬಿಟ್ಟ ರಾಕ್ಷಸನ ಮುಖ ಬರೆದ ಬೂದುಗುಂಬಳಕಾಯಿಯನ್ನು ಬಾಗಿಲಿಗೆ ತೂಗುಹಾಕಿದ. ಮರುದಿನ ಬೆಳಿಗ್ಗೆ ಚಿಕ್ಕವ್ವ ಅದನ್ನು ಕಂಡಳು. ಮೃಗವೇ ಬಂದು ಬಾಗಿಲಲ್ಲಿ ಬಾವುಟ ನೆಟ್ಟಿದೆ ಅಂದುಕೊಂಡಳು. ಎಣ್ಣೆ ಹೆಚ್ಚಾಯಿತು, ಕಿಟಕಿಗೂ ಬಂತು. ಮುದುಕ ಬಂದು ನೋಡಿ, ಮಾಡಿಸಿದವರು ಬಲವಾದ ಕೈ ಅಂತ ತಲೆಯಾಡಿಸಿ ಇನ್ನೊಂದು ಕುಂಬಳಕಾಯಿ ಕಟ್ಟಿದ. ಎತ್ತು ಏರಿಗೆ, ಕೋಣ ನೀರಿಗೆ. ಎಳೆಯುತ್ತಿದ್ದದ್ದು ಮಾತ್ರ ಒಂದೇ ಗಾಡಿ.

ಅವ್ವನಿಗೆ ಎಲ್ಲಾ ಗೊತ್ತಿತ್ತು. ನೋವಿಗೆ ನಿದ್ದೆ ಬರುತ್ತಿರಲಿಲ್ಲ, ಬಾಗಿಲಾಚೆಯ ಬಳೆಯ ಸದ್ದೂ ತೆಲುಗಿನ ಪಿಸುಮಾತೂ ದಿನಾ ಕೇಳುತ್ತಿತ್ತು. ಅವಳೇ ಇದನ್ನು ನನಗೆ ಹೇಳಿದಾಗ, ಅಪ್ಪನಿಗೆ ಹೇಳಿಬಿಡಲೇ ಎಂದು ನಾನು ಕೇಳಿದೆ. ಬೇಡ ಅಂದಳು. ಹೇಳಿದರೆ ಅಪ್ಪ ಚಿಕ್ಕವ್ವನನ್ನು ಬರಗೊಡುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು.

"ಇಬ್ರೂ ನನ್ನ ಸಲುವಾಗೇ ಬಡಿದಾಡ್ತಾ ಅವ್ರೆ. ಬಡಿದಾಡ್ಲಿ ಬಿಡವ್ವ. ನನಗೆ ಇನ್ನೇನೈತೆ ನೋಡಾಕೆ," ಅಂದಳು. ಅವ್ವನ ಮುಖದಲ್ಲಿ ಹಳೆಯ ನಗು ಸ್ವಲ್ಪ ಇತ್ತು. ಅದೇ ಕೊನೆ ಅನ್ನಿಸುತ್ತೆ.

ಮುದುಕನ ಮಾತಿನಂತೆ ಅಪ್ಪ ಒಂದು ದಿನ ಬೆಳಗಿನ ಜಾವ ಎದ್ದು ಕದದ ಹಿಂದೆ ನಿಂತರು. ಸಪ್ಪಳವಾದ ಕೂಡಲೇ ಬಾಗಿಲು ತೆಗೆದರು. ಚಿಕ್ಕವ್ವ ಓಡಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ಅಪ್ಪನ ದನಿಗೆ ನಾನೂ ಎದ್ದು ಬಂದೆ, ಓಣಿಯವರೂ ಎದ್ದು ಬಂದರು.

"ಅಕ್ಕ ಅಕ್ಕ ಅನ್ಕಂತಲೇ ಮಾಟ ಮಾಡಿದೆಯಲ್ಲೇ, ನಿನ್ನ ಕೈ ಸೇದಿಹೋಗ," ಅಂದರು ಅಪ್ಪ.

"ಮಾಟ ಅಲ್ಲ ಭಾವ. ಸಾವು ಈ ಮನೆ ದಾಟ್ಕಂಡು ಹೋಗ್ಲಿ ಅಂತ," ಅಂದಳು ಚಿಕ್ಕವ್ವ. ಅಷ್ಟೇ. ಕುರಿಮರಿ, ರಕ್ತ, ಆ ದೇಶ ಯಾವುದನ್ನೂ ವಿವರಿಸಲಿಲ್ಲ. ವಿವರಿಸಿದ್ದರೂ ಕೇಳುವವರು ಯಾರಿದ್ದರು? ಅವಳು ಅಂಥವಳಲ್ಲ, ನಮಗೆ ಒಳ್ಳೇದಾಗಲಿ ಅಂತ ಮಾಡಿದ್ದಾಳೆ ಎಂದು ನಾನು ಅಪ್ಪನ ತೋಳು ಹಿಡಿದು ಹೇಳಿದೆ. ಅವರು ನನ್ನನ್ನು ಕೊಡವಿ ಹಾಕಿದರು. ಒಳಗಿನಿಂದ ಅವ್ವ, ಅವಳನ್ನ ಒಳಗೆ ಕರೀರಿ, ಅವಳನ್ನ ಒಳಗೆ ಕರೀರಿ ಎಂದು ಇದ್ದ ದನಿಯಲ್ಲೇ ಕೂಗುತ್ತಿದ್ದಳು. ಅಪ್ಪ ಬಾಗಿಲು ಹಾಕಿಕೊಂಡರು. ಅಪ್ಪನನ್ನು ಕೆಟ್ಟವರು ಅನ್ನಲಾರೆ. ಹೆಂಡತಿ ಕೈಜಾರಿ ಹೋಗುತ್ತಿದ್ದಳು, ಅವರಿಗೆ ಯಾರನ್ನಾದರೂ ಬೈಯಬೇಕಿತ್ತು.

ಆ ದಿನದಿಂದ ಓಣಿಯಲ್ಲಿ ಚಿಕ್ಕವ್ವನಿಗೆ ಮಾಟಗಾತಿ ಎಂದು ಹೆಸರು ಬಿತ್ತು. ಜೀವಮಾನವೆಲ್ಲ ಸೈತಾನನಿಗೆ ಹೆದರಿ ಬದುಕಿದವಳಿಗೆ ಆ ಹೆಸರು.

ಸ್ವಲ್ಪ ದಿನಕ್ಕೇ ಅವ್ವ ಹೋದಳು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ ಕೂರಿಸಿದೆವು. ಚಿಕ್ಕವ್ವ ಎದುರುಗಡೆಯ ಗೋಡೆಗೆ ಒರಗಿ ಬಿಸಿಲಲ್ಲಿ ನಿಂತಿದ್ದಳು, ಹತ್ತಿರ ಬರಲಿಲ್ಲ, ನಮ್ಮವರು ಬರಗೊಡಲೂ ಇಲ್ಲ. ಶಿವನ ಪಾದ ಸೇರಿದಳು ಎಂದು ಬಂದವರೆಲ್ಲ ಹೇಳಿದರು, ನಾವೂ ಹೌದು ಅಂದೆವು. ಹನ್ನೊಂದನೇ ದಿನ ಊಟ ಹಾಕಿದೆವು, ಹೋಳಿಗೆ ಚೆನ್ನಾಗಿದೆ ಎಂದು ಜನ ಅಂದದ್ದು ನೆನಪಿದೆ. ಆಗಲೂ ನನಗೆ ಅಳು ಬರಲಿಲ್ಲ. ಎದೆಯಲ್ಲಿ ಏನೂ ಇರಲಿಲ್ಲ, ಜೋಮು ಹಿಡಿದ ಕಾಲಿನ ಹಾಗೆ. ಅದು ಆಮೇಲೂ ಪೂರ್ತಿ ಬಿಟ್ಟಿಲ್ಲ. ಆ ತಿಂಗಳಲ್ಲೇ ಚಿಕ್ಕವ್ವನ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಹೋದರು.

ಮೊಳಕಾಲ್ಮೂರಿಗೆ ಟೀಚರಾಗಿ ಬಂದ ಮೇಲೆ ಅವಳು ಮತ್ತೆ ಸಿಕ್ಕಳು. ಗಂಡ ತೀರಿಹೋಗಿದ್ದ. ಸೀರೆ ನೇಯುವವರ ಮನೆಯ ಹಿಂದಿನ ಒಂದು ಕೋಣೆಯಲ್ಲಿದ್ದುಕೊಂಡು, ಅವರಿಗೆ ರಾಟೆಯಲ್ಲಿ ರೇಷ್ಮೆ ಸುತ್ತಿಕೊಡುತ್ತಿದ್ದಳು. ಗುರುತು ಹಿಡಿದು, ಪಾಪಾ ಎಂದು ನನ್ನ ಕೆನ್ನೆ ಸವರಿದಳು. ಊಟ ಮಾಡಿಸಿಯೇ ಬಿಟ್ಟಳು. ಅಪ್ಪನ ಆರೋಗ್ಯ ವಿಚಾರಿಸಿದಳು, ಬಾಯಿತಪ್ಪಿಯೂ ಒಂದು ಕೆಟ್ಟ ಮಾತು ಬರಲಿಲ್ಲ.

ಆ ದಿನ ಅವಳು ಹೇಳಿದ್ದು ಇದು. ಅವ್ವ ಹೋದ ಮುಂದಿನ ಭಾನುವಾರ ಅವಳು ಪಾಸ್ಟರನ್ನು ಕೇಳಿದ್ದಳಂತೆ, ನಮ್ಮಕ್ಕ ಈಗ ಎಲ್ಲಿದ್ದಾಳೆ ಎಂದು. ಅವರು ಬೆತ್ತವೆತ್ತಿ ಪಟದ ಮೂಲೆ ತೋರಿಸಿದರಂತೆ. ಅಷ್ಟು ದಿನ ಹಚ್ಚಿದ ಎಣ್ಣೆ ಲೆಕ್ಕಕ್ಕಿಲ್ಲವೇ ಅಂದಳಂತೆ. ನಂಬಿಕೆ ಅವಳದಾಗಬೇಕಿತ್ತು, ನಿನ್ನ ಎಣ್ಣೆಯಿಂದ ಆಗುವುದಲ್ಲ ಅಂದರಂತೆ. ಆಗ ಅವಳು ಅವ್ವನ ಮಾತನ್ನೇ ಎತ್ತಿದಳು. ಮೃಗ ಅಂದರೆ ರಾಜ್ಯ, ಸಮುದ್ರ ಅಂದರೆ ಜನ ಆದರೆ, ಆ ಕೆರೆಯೂ ಬೇರೆ ಏನಾದರೂ ಇರಬಾರದೇಕೆ? ಪಾಸ್ಟರು ಸಿಟ್ಟಾದರು. ಅವಳು ಆ ಶೆಡ್ಡು ಬಿಟ್ಟಳು. ಆಮೇಲೆ ಕೊಂಡ್ಲಹಳ್ಳಿಯಲ್ಲಿ ಒಂದು ಮಂದಿರ, ರಾಂಪುರದಲ್ಲಿ ಒಂದು, ಇಲ್ಲಿ ಮತ್ತೊಂದು. ಹೋದ ಕಡೆಯೆಲ್ಲ ಅದೇ ಪ್ರಶ್ನೆ. ಕೆಲವರು ಬೈದರು, ಒಬ್ಬರು ದೇವರಿಗೇ ಗೊತ್ತು ಅಂದರು. ಹಾಗೆ ಅಂದವರ ಹತ್ತಿರವೇ ಉಳಿದುಕೊಂಡಿದ್ದಳು. ದೇವರನ್ನು ಅವಳು ಬಿಡಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ. ನಾನು ಅನ್ನ ಕಲಸುತ್ತ ಹೂಂ ಹೂಂ ಅನ್ನುತ್ತಿದ್ದೆ. ನನಗೆ ಏನೂ ಆಗುತ್ತಿರಲಿಲ್ಲ.

ಆಮೇಲೆ ಅಷ್ಟು ಹೋಗುವುದು ಬರುವುದು ಆಗಲಿಲ್ಲ. ಮಕ್ಕಳು, ಶಾಲೆ, ಸಂಸಾರ... ಮೊನ್ನೆ ಎಣ್ಣೆಯಂಗಡಿಯ ಮುಂದಿನಿಂದ ಸೀದಾ ಅವಳ ಮನೆಗೇ ಹೋದೆ. ಕೋಣೆಗೆ ಬೀಗ ಹಾಕಿತ್ತು. ನೇಯ್ಗೆಯವರ ಮನೆಯಾಕೆ ಮಗ್ಗದಿಂದ ಎದ್ದು ಬಂದು, ಬೇಸಿಗೆಯಲ್ಲೇ ಹೋದರು ಕಣಮ್ಮ ಅಂದರು. ಮಂದಿರದವರೇ ಬಂದು ಎಲ್ಲಾ ಮಾಡಿದರಂತೆ. ಕೊನೆಯ ದಿನ ಅವರೆಲ್ಲ ಮಂಚದ ಸುತ್ತ ನಿಂತು, ಸಂತೋಷಪಡಮ್ಮ, ನೀನು ಕರ್ತನ ಹತ್ತಿರ ಹೋಗುತ್ತಿದ್ದೀಯ ಎಂದು ಧೈರ್ಯ ಹೇಳಿದರಂತೆ. ಚಿಕ್ಕವ್ವ ಕಣ್ಣು ಬಿಟ್ಟು ಒಂದೇ ಮಾತು ಕೇಳಿದಳಂತೆ.

"ಅಲ್ಲಿ ನಮ್ಮಕ್ಕ ಇರ್ತಾಳಾ?"

ಒಬ್ಬರು ಹಾಡು ಎತ್ತಿಕೊಂಡರಂತೆ, ಉಳಿದವರು ದನಿಗೂಡಿಸಿದರಂತೆ. ಹಾಡು ಮುಗಿಯುವಷ್ಟರಲ್ಲಿ ಅವಳು ಇರಲಿಲ್ಲ. ಅಕ್ಕ ಅಂದರೆ ಯಾರಮ್ಮ, ಒಡಹುಟ್ಟಿದವರಾ ಎಂದು ಮನೆಯಾಕೆ ನನ್ನನ್ನು ಕೇಳಿದರು. ನನ್ನ ಅವ್ವ ಅಂದೆ.

ನೀರು ಕೊಟ್ಟರು, ಕುಡಿದು ಎದ್ದು ಬಂದೆ. ನಾವು ಅವ್ವನನ್ನು ಒಂದೇ ಮಾತಿನಲ್ಲಿ ಶಿವನ ಪಾದ ಸೇರಿಸಿ ಹನ್ನೊಂದನೇ ದಿನಕ್ಕೆ ಕೈತೊಳೆದುಕೊಂಡಿದ್ದೆವು. ಹೊಟ್ಟೆಯಲ್ಲಿ ಹುಟ್ಟಿದ ನಾನು ಅವಳು ಎಲ್ಲಿರಬಹುದು ಎಂದು ಒಂದು ದಿನವೂ ಯೋಚಿಸಿದವಳಲ್ಲ. ಇಷ್ಟು ವರ್ಷ ಆ ಚಿಂತೆ ಮಾಡುತ್ತಿದ್ದದ್ದು ಈ ಭೂಮಿಯ ಮೇಲೆ ಒಬ್ಬಳೇ. ಈಗ ಅವಳೂ ಇಲ್ಲ. ಇನ್ನು ಆ ಚಿಂತೆ ನನ್ನದು, ಮತ್ತು ಅದನ್ನು ಹೇಗೆ ಮಾಡಬೇಕೆಂದು ನನಗೆ ಗೊತ್ತಿಲ್ಲ.