ದಡವೋ ತಡವೋ

ಆವತ್ತು ಕೊಟ್ಟಿಗೆ ಗುಡಿಸಿದೆ, ಕುರಿಗಳನ್ನು ಬಿಟ್ಟೆ, ಪಂಚಾಯ್ತಿ ನಲ್ಲಿಯಲ್ಲಿ ನೀರು ಹಿಡಿದೆ, ಹುರುಳಿ ನೆನೆಹಾಕಿದೆ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ, ಗಂಡನ ಒಗೆದಿಟ್ಟ ಅಂಗಿಗಳನ್ನೇ ಮತ್ತೆ ಒಗೆದು ಹರವಿದೆ. ಒಂದೊಂದು ಕೆಲಸದ ನಡುವೆಯೂ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ತೆಗೆದು ನೋಡಿದೆ.

ನನ್ನ ಗಂಡ ಪಂಪು ರಿಪೇರಿಯವರು. ತಮಿಳುನಾಡಿನ ಈ ಪೆನ್ನಾಗರಂ ಸುತ್ತಿನ ಬೋರ್‌ವೆಲ್ಲುಗಳೆಲ್ಲ ಅವರ ಕೈ ಕಂಡವೇ. ಯುದ್ಧ ನಡೆಯುವ ದೇಶವೊಂದರಲ್ಲಿ ಜನಕ್ಕೆ ನೀರು, ಔಷಧಿ ಒದಗಿಸುವ ಸಂಸ್ಥೆ ಸೇರಿ ಹೋಗಿದ್ದರು. ಮೊದಮೊದಲು ದಿನಾ ಮಾತಾಡುತ್ತಿದ್ದರು. ಆಮೇಲೆ ಅವರಿದ್ದ ಊರಿನ ಮೇಲೆಯೇ ಬಾಂಬು ಬೀಳತೊಡಗಿತು. ದೊಡ್ಡ ಆಫೀಸರುಗಳು ನದಿಯಾಚೆಯ ದೇಶಕ್ಕೆ ಹೋಗಿ ಅಲ್ಲಿಂದಲೇ ಕೆಲಸ ಹೇಳಿದರು. ಉಳಿದವರ ಆಫೀಸು ನೆಲಮಾಳಿಗೆಗೆ ಇಳಿಯಿತು. ಒಂದು ಗಾಡಿ ಹೊರಡಬೇಕಾದರೂ ಕಾದಾಡುವ ಎರಡೂ ಕಡೆಯವರು ಮೊದಲೇ ಒಪ್ಪಬೇಕು. ಒಂದು ಕಡೆಯವರು ಸುಮ್ಮನಿದ್ದರೂ ಗಾಡಿ ನಿಂತಲ್ಲೇ. ಇದ್ದ ಡೀಸೆಲ್ಲು ಆಸ್ಪತ್ರೆಗೆ ನೀರು ಎತ್ತುವ ಪಂಪಿಗೇ ಹೊರತು ಇವರ ದೀಪಕ್ಕಲ್ಲ. ಟವರ್ ಹೋದ ಮೇಲೆ ಎಲ್ಲರಿಗೂ ಸೇರಿ ಒಂದೇ ಸ್ಯಾಟಲೈಟ್ ಫೋನು. ಅದರಿಂದ ಒಬ್ಬೊಬ್ಬರೂ ಮನೆಗೆ ಒಂದು ಸಣ್ಣ ಮೆಸೇಜು ಕಳಿಸಬಹುದಿತ್ತು.

ಹಿಂದಿನ ಮೆಸೇಜಿನಲ್ಲಿ, ತಮ್ಮನ್ನೂ ನದಿ ದಾಟಿಸುತ್ತಾರಂತೆ ಎಂದು ಬರೆದಿದ್ದರು. ಆಮೇಲೆ ಸುದ್ದಿಯೇ ಇರಲಿಲ್ಲ.

ಮಧ್ಯಾಹ್ನ ಫೋನು ಸದ್ದು ಮಾಡಿತು. ಎರಡೇ ಅಕ್ಷರ.

ನಾನು ಕೊಳ್ಳೇಗಾಲದ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಅವರು ಓದಿದ್ದು ತಮಿಳು ಶಾಲೆಯಲ್ಲಿ. ಮನೆಮಾತು ಕನ್ನಡವನ್ನೂ ತಮಿಳಕ್ಷರದಲ್ಲೇ ಬರೆಯುತ್ತಾರೆ. ಮದುವೆಯಾಗಿ ಬಂದ ಮೇಲೆ ನಾನೂ ಆ ಅಕ್ಷರ ಕಲಿತೆ. ಅದರಲ್ಲಿ ತಕ್ಕೂ ದಕ್ಕೂ ಒಂದೇ ಅಕ್ಷರ. ಮೆಟ್ಟೂರು ಹಿನ್ನೀರನ್ನು ಪರಿಸಲು ಅನ್ನುವ ಹರಿಗೋಲು ಹತ್ತಿ ದಾಟಿ ಆಚೆ ಊರಿಗೆ ಕೆಲಸಕ್ಕೆ ಹೋದಾಗಲೆಲ್ಲ 'ದಡ' ಅಂತ ಒಂದೇ ಮಾತು ಕಳಿಸುತ್ತಿದ್ದರು, ಮುಟ್ಟಿದೆ ಅಂತ. ಇದು ಆ ದಡವೋ, ಇಲ್ಲ ಇನ್ನೂ ತಡ ಅನ್ನುವ ತಡವೋ?

"ಏನಂತೆ?" ಜಗಲಿಯಿಂದ ಅತ್ತೆ ಕೇಳಿದರು.

ಓದಿ ಹೇಳಿದೆ. ನನ್ನ ಬಾಯಿಂದ ಬಂದದ್ದು ತವೋ ದವೋ ನನಗೇ ತಿಳಿಯಲಿಲ್ಲ.

"ದಡವಾ? ಅಂಗಾರೆ ದಾಟವ್ನೆ. ಎರ್ಡ್ ಅಕ್ಸರ ಬರ್ಯಾಕೆ ಇಷ್ಟ್ ದಿನ ಬೇಕಾಯ್ತಾ ನಿನ್ ಗಂಡಂಗೆ?"

"ತಡ ಅಂತ್ಲೂ ಓದ್ಬೋದು ಅತ್ತೆ."

"ನಿನ್ ಇಸ್ಕೂಲ್ ಕನ್ನಡ ಇಲ್ಲಿ ಬ್ಯಾಡ ಕಣಮ್ಮಿ. ನನ್ ಮಗ ದಡ ಅಂದವ್ನೆ."

ಅತ್ತೆ ಮುಖ ತೊಳೆದು ದೇವರಿಗೆ ದೀಪ ಹಚ್ಚಿದರು. ಪಕ್ಕದ ಮನೆಗೂ ಹೋಗಿ ಹೇಳಿಬಂದರು. ದಡವೋ ತಡವೋ ಎಂದು ಗಂಡನನ್ನೇ ಕೇಳೋಣವೆಂದು ನಾನು ತಮಿಳಕ್ಷರದಲ್ಲಿ ಬರೆದರೆ ಎರಡೂ ಒಂದೇ ಆಗಿ ಕೂತವು. ಅಳಿಸಿ, 'ನದಿ ದಾಟಿದ್ರಾ' ಎಂದು ಕಳಿಸಿದೆ. ಅದು ಅವರನ್ನು ಮುಟ್ಟಲೇ ಇಲ್ಲ.

ಕುರಿ ಕೂಡುವ ಹೊತ್ತಿಗೆ ಸಂಸ್ಥೆಯ ಚೆನ್ನೈ ಆಫೀಸಿನಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಅತ್ತೆಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಅಮ್ಮಾ, ಅವರು ನಲ್ಲಾ ಇರುಕ್ಕಾರು," ಅಂದಳು. ಚೆನ್ನಾಗಿದ್ದಾರೆ. ಆದರೆ ಗಾಡಿಗೆ ಒಂದು ಕಡೆಯವರು ಮಾತ್ರ ಒಪ್ಪಿದ್ದಾರೆ. ಯಾವಾಗ ದಾಟಿಸುತ್ತೇವೋ ಹೇಳಲಾಗದು, ಅಲ್ಲಿಯವರೆಗೆ ಪಂಪು ನಡೆಸುತ್ತಿರುತ್ತಾರೆ ಎಂದಳು.

ಅತ್ತೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು. ಹೊರಗಿನವರ ಹತ್ತಿರ ತಮಿಳೇ ಆಡುವವರು ಆಗ ಕನ್ನಡದಲ್ಲೇ ಕೇಳಿದರು: "ಅಲ್ಲಮ್ಮಾ, ಅವ್ನೊಬ್ಬ ಬಂದ್ಬುಟ್ರೆ ಅಲ್ಲಿ ನೀರ್ ಬರಾಕಿಲ್ವಾ?"

ಹುಡುಗಿಗೆ ಅರ್ಥವಾಗಲಿಲ್ಲ. ನಾನು ತಮಿಳಿನಲ್ಲಿ ಹೇಳಿದೆ. "ವರಾದು ಅಮ್ಮಾ," ಅಂದಳು.

ಬರುವುದಿಲ್ಲ.

ಮುದ್ದೆ, ಹುರುಳಿ ಸಾರು ಮಾಡಿದ್ದೆ. ಅತ್ತೆ ಒಂದು ತುತ್ತು ಮುರಿದು, "ಆ ಆಸ್ಪತ್ರೆಲಿ ಮಕ್ಳೂ ಅವ್ರಾ?" ಅಂದರು.

"ಇರ್ತಾರೆ ಅತ್ತೆ."

ತುತ್ತು ನುಂಗಿ ತಟ್ಟೆ ಸರಿಸಿದರು. ನಾನು ಮುದ್ದೆಯನ್ನೆಲ್ಲ ತಿಂದೆ. ಹಸಿವಿತ್ತೋ ಇಲ್ಲವೋ ಗೊತ್ತಿಲ್ಲ. ಮೊದಲು ನಿದ್ದೆ ಹೋದವಳು ನಾನೇ. ಓದು ಬಾರದ ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು.