ಬಲ್ಬಣ್ಣನ ಅಂಗೈಯಗಲದ ಕಂಪ್ಯೂಟರು

ರೇಡಿಯೊ, ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಬಲ್ಬಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಗೆ ಬಂದ ಯಾವ ಯಂತ್ರವನ್ನೂ ಅವನು ಪರೀಕ್ಷಿಸದೆ ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದವನಲ್ಲ. ಮೇಜಿನ ಮೇಲೊಂದು ಹಲಗೆ, ಅದರಲ್ಲೊಂದು ಸಣ್ಣ ಬಲ್ಬು. ಕರೆಂಟು ಮೊದಲು ಬಲ್ಬನ್ನು ಹಾದು ಆಮೇಲೆ ಯಂತ್ರಕ್ಕೆ ಹೋಗಬೇಕು. ಒಳಗೆಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಧಗ್ಗನೆ ಹೊತ್ತಿಕೊಳ್ಳುತ್ತದೆ, ಯಂತ್ರ ಉಳಿಯುತ್ತದೆ. ಸೀರೀಸ್ ಬೋರ್ಡು ಎನ್ನುವ ಈ ಹಲಗೆ ಕೆಲಸ ಕಲಿಸಿದ ಗುರು ಕೊಟ್ಟದ್ದು. “ಮೊದಲು ಬಲ್ಬನ್ನ ಕೇಳು” ಎಂದು ಅವರು ಹೇಳಿದ್ದು ಇವನ ಕೈಗೇ ಇಳಿದುಬಿಟ್ಟಿತ್ತು. ಮನಸ್ಸು ಎಲ್ಲೇ ಇರಲಿ, ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಈಚೆಗೆ ಮನಸ್ಸು ಸದಾ ಒಳಕೋಣೆಯಲ್ಲೇ. ಹೆಂಡತಿಗೆ ಗಂಟಲಿನ ಆಪರೇಷನ್ ಆಗಿ ಮಾತು ಹೋಗಿತ್ತು. ಉಸಿರಾಡಲು ಕುತ್ತಿಗೆಯಲ್ಲೊಂದು ಕೊಳವೆ. ಏನಾದರೂ ಬೇಕೆಂದರೆ ಚಮಚದಿಂದ ಮಂಚದ ಸರಳು ಬಡಿಯುತ್ತಿದ್ದಳು. ಮೊನ್ನೆ ಕೊಳವೆಯಲ್ಲಿ ಕಫ ಕಟ್ಟಿಕೊಂಡಾಗಲೂ ಬಡಿದಳು. ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಮಿಕ್ಸಿ ಗುಡುಗುತ್ತಿತ್ತು. ಇವನಿಗೆ ಕೇಳಲಿಲ್ಲ. ದೇವರ ದಯೆ, ಆ ಹೊತ್ತಿಗೆ ಸರಿಯಾಗಿ ಅವಳ ತಂಗಿ ಹಿಂಬಾಗಿಲಿಂದ ಬಂದಳು.

ಅಂದಿನಿಂದ ಬಲ್ಬಣ್ಣ ಕೂತಲ್ಲಿ ಕೂರಲಾರ. ಒಂದು ತಿರುಪು ಬಿಚ್ಚಿ ಎದ್ದ, ಇನ್ನೊಂದು ಬಿಚ್ಚಿ ಎದ್ದ. ಬಾಗಿಲಲ್ಲಿ ಇಣುಕಿ, “ಉಸಿರು ಸರಿಯಾಗಿದೆಯೇನೇ?” ಎಂದು ಕೇಳುವನು. ಆಗಷ್ಟೇ ಕಣ್ಣು ಹತ್ತಿದವಳು ಎದ್ದು ತಲೆಯಾಡಿಸಬೇಕು. ಕೊನೆಗೆ ಅವಳು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿದಳು: “ನಿದ್ದೆ ಮಾಡಲು ಬಿಡಿ.”

ಇದಕ್ಕೊಂದು ದಾರಿ ಹುಡುಕಿದವಳು ಆ ತಂಗಿಯೇ. ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೆಲಸ ಅವಳದು. ಒಂದು ಬೆಳಿಗ್ಗೆ ಅಂಗೈಯಗಲದ ಹಸಿರು ಬೋರ್ಡೊಂದನ್ನು ತಂದು ಮೇಜಿನ ಮೇಲಿಟ್ಟಳು. ಪೆಟ್ಟಿಗೆಯಿಲ್ಲ, ಪರದೆಯಿಲ್ಲ, ಇಷ್ಟೇ ಪೂರ್ತಿ ಕಂಪ್ಯೂಟರು ಎಂದಳು.

“ಭಾವ, ಮಾಡೋದೆಲ್ಲ ಮಾಡಿ ಮೆಮೊರಿ ಕಾರ್ಡಲ್ಲಿ ಹಾಕಿದೀನಿ. ಅಕ್ಕ ಗುಂಡಿ ಒತ್ತಿದ್ರೆ ನಿಮ್ಮ ಮೇಜಿನ ಸ್ಪೀಕರಲ್ಲಿ ನನ್ನ ದನಿ ಕೂಗುತ್ತೆ. ನೀವು ಗುಂಡಿಗೆ ವೈರು ಎಳೆದು ಕರೆಂಟು ಕೊಡಿ, ಅಷ್ಟೇ. ಕೊಟ್ಟ ಮೇಲೆ ಅದು ಶುರುವಾಗೋ ತನಕ ಸ್ವಲ್ಪ ಹೊತ್ತು ಕೈ ಕಟ್ಕೊಂಡು ಕೂತಿರಿ. ಅದೊಂದು ನಿಮ್ಮಿಂದ ಆಗುತ್ತಾ?”

“ನಿನ್ನ ದನಿಗೆ ಸ್ಪೀಕರ್ ಬೇರೆ ಯಾಕಮ್ಮ? ನಿಮ್ಮನೇಲೇ ನಿಂತು ಕೂಗು, ಇಲ್ಲಿಗೆ ಕೇಳುತ್ತೆ.”

“ನಿಮ್ಮ ಕಿವಿಗೆ ಕೇಳಬೇಕಲ್ಲ,” ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಬಲ್ಬಣ್ಣ ವೈರಿನ ಸುರುಳಿ ಬಿಚ್ಚತೊಡಗಿದ.

ಮೂರು ಗುಂಡಿ: ಬನ್ನಿ, ನೀರು, ಕಫ. ಮಧ್ಯಾಹ್ನದೊಳಗೆ ಬೆಸುಗೆ ಮುಗಿಯಿತು. ಕಾರ್ಡು ಸಿಕ್ಕಿಸಿ ಅಡಾಪ್ಟರಿಗೆ ಕರೆಂಟು ಕೊಟ್ಟ. ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ಪಕ್ಕದಲ್ಲೇ ಹಸಿರು ದೀಪ ಪಟಪಟನೆ ಮಿನುಗಿತು. ಇನ್ನೇನು ಎನ್ನುವಾಗ ಎರಡೂ ಆರಿಹೋದವು. ಮತ್ತೆ ಹತ್ತಿದವು, ಮತ್ತೆ ಆರಿದವು.

ಕಾರ್ಡು ತೆಗೆದು ಒರೆಸಿದ. ಬೆಸುಗೆಯನ್ನು ಮತ್ತೆ ಮಾಡಿದ. ನಡುನಡುವೆ ಒಳಗೆ ಹೋಗಿ ಇಣುಕಿದ. ಮತ್ತೆ ಅದೇ ಆಟ. ಪ್ರೆಸ್ಸಿಗೆ ಫೋನು ಮಾಡಿದ.

“ಏನಮ್ಮ, ನಿನ್ನ ಕಂಪ್ಯೂಟರಿಗೆ ಬಿಕ್ಕಳಿಕೆ ಬಂದಿದೆ. ಕಣ್ಣು ಬಿಡುತ್ತೆ, ಮುಚ್ಚುತ್ತೆ.”

“ನಾನು ಕೊಟ್ಟ ಅಡಾಪ್ಟರೇ ಹಾಕಿದೀರಾ?”

“ಅದೇ.”

“ಬೇರೆ ಏನೂ ಮಧ್ಯೆ ಸೇರಿಸಿಲ್ಲ ತಾನೆ?”

“ಏನೂ ಇಲ್ಲ,” ಎಂದ. ಸುಳ್ಳು ಹೇಳಲಿಲ್ಲ, ಪಾಪ. ಕಾಲಿಗೆ ಚಪ್ಪಲಿ ಹಾಕಿಕೊಂಡದ್ದನ್ನು ಯಾರಾದರೂ ಹೇಳುತ್ತಾರೆಯೇ? ಅವನಿಗೆ ಆ ಬಲ್ಬೂ ಹಾಗೆಯೇ.

“ಹಾಗಾದ್ರೆ ಬೋರ್ಡೇ ಕೆಟ್ಟಿರಬೇಕು. ಬದಲಾಯಿಸೋಕೆ ಕಳಿಸಿದ್ರೆ ವಾರ ಆಗುತ್ತೆ ಭಾವ.”

ಇನ್ನೂ ಒಂದು ವಾರ! ಫೋನಿಟ್ಟವನು ಅಂಗಡಿಯಲ್ಲಿ ಅತ್ತಿಂದಿತ್ತ ತಿರುಗಿದ. ಗಿರಾಕಿಯೊಬ್ಬ ಫ್ಯಾನು ತಂದರೆ “ನಾಳೆ ಬಾರಪ್ಪ” ಎಂದು ಬಾಗಿಲಲ್ಲೇ ಸಾಗಹಾಕಿದ.

ಅವನ ಓಡಾಟದ ಸದ್ದಿಗೆ ಹೆಂಡತಿಯೇ ಎದ್ದು, ಗೋಡೆ ಹಿಡಿದು ಬಂದಳು. ಮೇಜಿನ ಬಳಿ ನಿಂತು ನೋಡಿದಳು. ಅವಳು ನೋಡಿದ್ದು ಬೋರ್ಡನ್ನಲ್ಲ. ಹಸಿರು ದೀಪ ಮಿನುಗಿದಾಗಲೆಲ್ಲ ಹಲಗೆಯ ಬಲ್ಬು ಕೆಂಪಗಾಗುತ್ತಿತ್ತು, ಆಮೇಲೆ ಮಂಕಾಗುತ್ತಿತ್ತು. ಅವಳು ಬಲ್ಬಿನತ್ತ ಬೆರಳು ಮಾಡಿದಳು.

“ಬಲ್ಬು ಚೆನ್ನಾಗೇ ಇದೆ ಕಣೇ. ಹೋಗಿ ಮಲಕ್ಕೋ.”

ಅವಳು ಮೇಜಿನ ಮೇಲಿದ್ದ ಸೀಮೆಸುಣ್ಣದಿಂದ ಮೇಜಿಗೇ ಬರೆದಳು: “ಅದೇ ತಿನ್ನುತ್ತಿದೆ.”

“ಏನನ್ನ?”

ಅಡಾಪ್ಟರಿನ ಮೇಲೊಮ್ಮೆ, ಗೋಡೆಯ ಪ್ಲಗ್ಗಿನ ಮೇಲೊಮ್ಮೆ ಬಡಿದು ತೋರಿಸಿದಳು. ಬಲ್ಬಣ್ಣ ಬಗ್ಗಿ ಬಲ್ಬನ್ನೇ ನೋಡಿದ. ಪುಟ್ಟ ಬಲ್ಬು ಬಿಟ್ಟುಕೊಟ್ಟಷ್ಟೇ ಕರೆಂಟು ಆಚೆಗೆ. ಬೋರ್ಡು ಕೆಲಸ ಶುರುಮಾಡಿ ಇನ್ನಷ್ಟು ಕೇಳಿದರೆ ಸಿಗುತ್ತಿರಲಿಲ್ಲ, ಹಸಿದು ಕುಸಿಯುತ್ತಿತ್ತು.

ಗೊತ್ತಾದರೂ ಕೈ ಏಳಲಿಲ್ಲ. “ಸುಟ್ಟುಹೋದ್ರೆ?” ಎಂದ. ಅವಳು ಹುಬ್ಬು ಹಾರಿಸಿದಳು, ಅಷ್ಟೆ. ದೇವರೇ, ಇದೊಂದು ಉಳಿಯಲಿ ಎಂದುಕೊಳ್ಳುತ್ತ, ಹೊಸ ಯಂತ್ರವೊಂದನ್ನು ಮೊದಲ ಸಲ ನೇರವಾಗಿ ಗೋಡೆಗೆ ಸಿಕ್ಕಿಸಿದ.

ಕೆಂಪು ದೀಪ. ಹಸಿರು ದೀಪ. ಮಿನುಗು ನಿಂತೇಹೋಯಿತು. “ಹೋಯ್ತು, ಹೋಯ್ತು!” ಎಂದು ಪ್ಲಗ್ಗಿಗೆ ಕೈಹಾಕಿದವನ ಮಣಿಕಟ್ಟನ್ನು ಅವಳು ಗಟ್ಟಿಯಾಗಿ ಹಿಡಿದಳು. ಹಸಿರು ದೀಪ ಮತ್ತೆ ಮಿನುಗಿತು. ಅವಳು ಇನ್ನೊಂದು ಕೈ ಚಾಚಿ ಮೊದಲ ಗುಂಡಿ ಒತ್ತಿದಳು.

“ಭಾವ, ಬನ್ನೀ!” ಎಂದು ಸ್ಪೀಕರು ಕಿರುಚಿತು.

“ಬಂದೆ, ಬಂದೆ,” ಎಂದು ಬಲ್ಬಣ್ಣ ಒಳಕೋಣೆಯತ್ತ ಎರಡು ಹೆಜ್ಜೆ ಓಡಿಯೇಬಿಟ್ಟ. ಹೆಂಡತಿ ಮೇಜು ಹಿಡಿದುಕೊಂಡು ಸದ್ದಿಲ್ಲದೆ ನಕ್ಕಳು. ಭುಜ ಮಾತ್ರ ಕುಲುಕುತ್ತಿತ್ತು.

ಗುಂಡಿಗಳನ್ನು ಮಂಚದ ಪಕ್ಕಕ್ಕೆ ಬಿಗಿದದ್ದಾಯಿತು. ಅವಳು ಮಲಗಿದಳು. ಅವನಿಗೆ ಇನ್ನೂ ನೆಮ್ಮದಿಯಿಲ್ಲ. ಇಲ್ಲಿ ಕೇಳಿದ್ದು ಸರಿ, ಸದ್ದಿನ ನಡುವೆ ಕೇಳಬೇಡವೇ? ಮಿಕ್ಸಿಯನ್ನು ಪೂರ್ತಿ ಜೋರಿಗೆ ತಿರುಗಿಸಿ ಕಾದು ನಿಂತ. ಒಂದು ಕಾಲು ಬಾಗಿಲತ್ತಲೇ ಇತ್ತು.

ಮಿಕ್ಸಿಯ ಆರ್ಭಟವನ್ನು ಸೀಳಿಕೊಂಡು ನಾದಿನಿಯ ದನಿ ಕೂಗಿತು: “ಭಾವ, ಬನ್ನೀ!”

ಎಲ್ಲ ಬಿಟ್ಟು ಓಡಿದ. “ಏನೇ? ಕಫಾನಾ? ನೀರಾ?”

ಅವಳು ಎರಡೂ ಕಿವಿ ಮುಚ್ಚಿಕೊಂಡು ಮಲಗಿದ್ದಳು. ಒಂದು ಕೈ ತೆಗೆದು ಅಂಗಡಿಯತ್ತ ತೋರಿಸಿ, ಮೊದಲು ಆ ಮಿಕ್ಸಿ ನಿಲ್ಲಿಸಿ ಎಂದು ಸನ್ನೆ ಮಾಡಿದಳು.